ಎಪಿಡಾರಸ್: ನಾಣ್ಯ ಬೀಳಿಸುವ ಮೊದಲು ಕಲ್ಲಿನ ಸಾಲು ನೋಡಿ

ಈಗ ಕಾಣ್ತಿರೋದು ಗ್ರೀಸ್‌ನ ಪೆಲೊಪೊನೀಸ್‌ನಲ್ಲಿರುವ ಎಪಿಡಾರಸ್ ರಂಗಮಂದಿರ. ವೈದ್ಯದೇವರು ಅಸ್ಕ್ಲೀಪಿಯಸ್‌ನ ಕ್ಷೇತ್ರ ಇದು. ಕ್ರಿ.ಪೂ. 4ನೇ ಶತಮಾನದ ಕೊನೆಯ ಭಾಗದಲ್ಲಿ ಕಟ್ಟಿದ್ದು. ಇದರ ವಾಸ್ತುಶಿಲ್ಪಿ ಪಾಲಿಕ್ಲೀಟಸ್ ಎಂದು ಪ್ರಾಚೀನ ಗ್ರೀಕ್ ಪ್ರವಾಸಿ ಪೌಸಾನಿಯಸ್ ಬರೆದಿದ್ದಾನೆ. ಮಣ್ಣಿನಡಿ ಹೂತಿದ್ದ ಇದನ್ನು 1881ರಲ್ಲಿ ಅಗೆಯಲು ಶುರು ಮಾಡಿದವರು ಪನಾಗಿಸ್ ಕವ್ವಾಡಿಯಾಸ್.

ಸದ್ದು ಕೊನೆಯ ಸಾಲಿಗೂ ಕೇಳುತ್ತಾ ನೋಡೋಣ ಅಂತ ಬಂದವರೆಲ್ಲ ನಡುವೆ ನಿಂತು ನಾಣ್ಯ ಬೀಳಿಸ್ತಾರೆ. ಅದಿರಲಿ, ಮೊದಲು ಕೂರುವ ಜಾಗ ನೋಡಿ. ಒಟ್ಟು 55 ಸಾಲು. ಕೆಳಗೆ 34, ಆಮೇಲೆ ಓಡಾಡಲು ಅಗಲವಾದ ದಾರಿ, ಅದರ ಮೇಲೆ 21. ಕೆಳಭಾಗವನ್ನು 13 ಮೆಟ್ಟಿಲುದಾರಿಗಳು 12 ಹೋಳು ಮಾಡಿವೆ. ಮೇಲೆ ಹೋದಂತೆ ಸಾಲು ಉದ್ದವಾಗುತ್ತೆ, ಜನ ಹೆಚ್ಚುತ್ತಾರೆ. ಅದಕ್ಕೇ ಅಲ್ಲಿ ಮೆಟ್ಟಿಲುದಾರಿ 23, ಹೋಳು 22.

ಒಂದು ಸಾಲಿನ ಪಕ್ಕ ಬಗ್ಗಿ ನೋಡಿ. ಕಲ್ಲಿನ ಮುಂಭಾಗ ಕೂರೋಕೆ, ಹಿಂಭಾಗ ಸ್ವಲ್ಪ ತಗ್ಗು. ಅದು ಹಿಂದಿನವರ ಪಾದಕ್ಕೆ. ಕೂತವರು ಕಾಲು ಹಿಂದಕ್ಕೆ ಎಳೆದುಕೊಳ್ಳಲೆಂದು ಕಲ್ಲಿನ ಮುಖವನ್ನೂ ಒಳಗೆ ಕೊರೆದಿದ್ದಾರೆ. ನೀವು ನಡೆಯುವಾಗ ಆ ತಗ್ಗಿನಲ್ಲೇ ಹೆಜ್ಜೆ ಇಡಿ. ತುದಿ ತುಳಿದರೆ ಸವೆಯೋದು ಅದೇ.

ನನಗೆ ಎಲ್ಲಕ್ಕಿಂತ ಹಿಡಿಸಿದ ಜಾಣತನ ಎರಡೂ ತುದಿಗಳಲ್ಲಿದೆ. ನಡುವಿನ 8 ಹೋಳುಗಳಿಗೆ ಕೇಂದ್ರ ಒಂದೇ. ಎರಡೂ ಬದಿಯ ತಲಾ 2 ಹೋಳುಗಳನ್ನು ಬೇರೆ ಕೇಂದ್ರದಿಂದ, ಹೆಚ್ಚು ತ್ರಿಜ್ಯದಲ್ಲಿ ಎಳೆದಿದ್ದಾರೆ. ಒಂದೇ ವೃತ್ತದಲ್ಲಿ ಮುಂದುವರಿಸಿದ್ದರೆ ತುದಿಯವರ ಮುಖ ರಂಗದ ಕಡೆಗಿರದೆ ಎದುರು ಬದಿಯ ಜನರ ಕಡೆಗಿರುತ್ತಿತ್ತು. ಜೊತೆಗೆ, ಇಡೀ ಇಳಿಜಾರಿನ ಮಳೆನೀರು ಬಂದು ಸೇರುವ ಕಾಲುವೆಗೂ ತುದಿಯಲ್ಲಿ ಅಗಲ ಸಿಕ್ಕಿತು.

ಕೆಳಗಿನ ದುಂಡನೆಯ ಅಂಗಳವೇ ಆರ್ಕೆಸ್ಟ್ರಾ, ಮೇಳದವರು ಹಾಡಿ ಕುಣಿಯುತ್ತಿದ್ದ ಜಾಗ. ವ್ಯಾಸ ಸುಮಾರು 20 ಮೀಟರ್, ಅಂಚಿಗೆ ಕಲ್ಲಿನ ಬಳೆ, ಒಳಗೆ ನಡುವಿನ ಒಂದು ದುಂಡುಕಲ್ಲು ಬಿಟ್ಟರೆ ಬರೀ ಗಟ್ಟಿಮಣ್ಣು. ಅಥೆನ್ಸ್‌ನ ಡಯೋನಿಸಸ್ ರಂಗಮಂದಿರದಲ್ಲಿ ರೋಮನ್ನರ ಕಾಲದ ಬದಲಾವಣೆಗೆ ಅಂಗಳ ಅರ್ಧವೃತ್ತವಾಯಿತು. ಇಲ್ಲಿ ಪೂರ್ಣವೃತ್ತ ಉಳಿದಿದೆ. ಅಂಗಳದ ಹಿಂಬದಿಯ ರಂಗಕಟ್ಟಡದಲ್ಲಿ ಮಾತ್ರ ಅಡಿಪಾಯ ಬಿಟ್ಟರೆ ಹೆಚ್ಚೇನೂ ಇಲ್ಲ. ಬದಿಯ ಹೆಬ್ಬಾಗಿಲುಗಳು ಮತ್ತೆ ಎತ್ತಿ ನಿಲ್ಲಿಸಿದವು.

ಇನ್ನು ದನಿಯ ವಿಷಯ. ಏಣಿಯಂತೆ ಏರುವ ಕಲ್ಲಿನ ಸಾಲುಗಳು ಸುಮಾರು 500 ಹರ್ಟ್ಸ್‌ಗಿಂತ ಕೆಳಗಿನ, ಅಂದರೆ ತಗ್ಗು ಶ್ರುತಿಯ ಸದ್ದನ್ನು ತಗ್ಗಿಸುತ್ತವೆ ಎಂದು 2007ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ಸಂಶೋಧಕರು ಹೇಳಿದರು. ಜನರ ಗುಜುಗುಜು, ಗಾಳಿಯ ಸದ್ದು ಹೆಚ್ಚಾಗಿ ಆ ಕೆಳಗಿನ ಪಟ್ಟಿಯದೇ. ಆದರೆ ಪಿಸುಮಾತು ಕೊನೆಯ ಸಾಲಿಗೆ ಮುಟ್ಟುತ್ತೆ ಅನ್ನೋದನ್ನ ನಂಬಬೇಡಿ. ನೆದರ್ಲೆಂಡ್ಸ್‌ನ ಐಂಡ್‌ಹೋವನ್ ತಂಡ ಅಳೆದು ನೋಡಿ 2017ರಲ್ಲಿ ಹೇಳಿದ್ದು ಇಷ್ಟು: ಪಿಸುಮಾತು ತೀರಾ ಮುಂದಿನವರಿಗೆ ಮಾತ್ರ ಅರ್ಥವಾಗುತ್ತೆ, ದನಿ ಎತ್ತಿ ಆಡಿದ ಮಾತು ಎಲ್ಲರಿಗೂ ತಲುಪುತ್ತೆ. ನಟರಿಗೆ ಬೇಕಿದ್ದದ್ದು ಅದೇ ತಾನೇ?

ಬೇಸಿಗೆಯಲ್ಲಿ ಇಲ್ಲಿ ಇಂದಿಗೂ ನಾಟಕ ಆಡ್ತಾರೆ. ಆಗ ಅಂಗಳದ ಮೇಲೆ ರಂಗಸಜ್ಜಿಕೆ ಏರುವುದರಿಂದ ಕಲ್ಲಿನ ಬಳೆ, ನಡುವಿನ ದುಂಡುಕಲ್ಲು ಮುಚ್ಚಿಹೋಗಬಹುದು. ಕಟ್ಟಡ ನೋಡೋದೇ ಉದ್ದೇಶವಾದರೆ ಉತ್ಸವದ ವೇಳಾಪಟ್ಟಿ ನೋಡಿಕೊಂಡು, ಏಪ್ರಿಲ್‌ನಲ್ಲೋ ಅಕ್ಟೋಬರ್‌ನಲ್ಲೋ ಬನ್ನಿ.