ತೇಲುವ ಗಾಳಿಯಂತ್ರದ ಕಂಬ ಯಾಕೆ ನಡುಗುತ್ತದೆ?

ಕೇಳುಗರಿಗೆ ನಮಸ್ಕಾರ. ಚಿತ್ರದುರ್ಗದ ಗುಡ್ಡಗಳ ಮೇಲೆ, ಗದಗದ ಕಡೆ ಗಾಳಿಯಂತ್ರ ತಿರುಗುವುದನ್ನು ನಿಮ್ಮಲ್ಲಿ ತುಂಬಾ ಜನ ಬಸ್ಸಿನ ಕಿಟಕಿಯಿಂದ ನೋಡಿರುತ್ತೀರಿ. ಅಂಥ ಯಂತ್ರಗಳನ್ನು ಈಗ ಸಮುದ್ರದಲ್ಲೂ ತೇಲಿಸಿ ನಿಲ್ಲಿಸುತ್ತಾರೆ. ಸ್ಕಾಟ್ಲೆಂಡ್‌ನ ಪೀಟರ್‌ಹೆಡ್ ಊರಿನಾಚೆ 2017ರಲ್ಲಿ ಐದು ಯಂತ್ರ ತೇಲಿಸಿದರು. ಒಂದೊಂದೂ 6 ಮೆಗಾವ್ಯಾಟಿನದು. ಹೈವಿಂಡ್ ಅಂತ ಆ ಯೋಜನೆಯ ಹೆಸರು. ಸಮುದ್ರದ ಆಳ ಸುಮಾರು 60 ಮೀಟರ್ ದಾಟಿದರೆ ಕೆಳಗಿನ ನೆಲಕ್ಕೆ ಕಂಬ ಊರುವುದು ತುಂಬಾ ದುಬಾರಿ. ಅದಕ್ಕೇ ಕಂಬವನ್ನು ತೇಲುವ ತಳದ ಮೇಲೆ ನಿಲ್ಲಿಸಿ, ಸರಪಳಿ ಹಾಕಿ ಲಂಗರು ಬಿಡುತ್ತಾರೆ.

ಬೆಂಗಳೂರಲ್ಲಿ ಕೂತು ಸಮುದ್ರದ ಮಾತು ಯಾಕೆ ಅಂತೀರಾ? ಗುಜರಾತ್ ಮತ್ತು ತಮಿಳುನಾಡಿನ ಕಡಲಲ್ಲಿ ತಲಾ 500 ಮೆಗಾವ್ಯಾಟ್ ಗಾಳಿ ವಿದ್ಯುತ್ತಿಗೆ ನೆರವು ಕೊಡಲು ಕೇಂದ್ರ ಸಂಪುಟ 2024ರಲ್ಲಿ ಒಪ್ಪಿದೆ. ಇಂಥ ಯಂತ್ರಗಳ ಲೆಕ್ಕ ನಡೆಯುವುದು ಕಂಪ್ಯೂಟರಿನಲ್ಲಿ. ಆ ಕೆಲಸ ಮಾಡಬಲ್ಲ ಹುಡುಗ ಹುಡುಗಿಯರು ನಮ್ಮ ಊರಿನ ಕಾಲೇಜುಗಳಲ್ಲೇ ಇದ್ದಾರೆ.

ನಾನು ಇವತ್ತು ಹೇಳಬೇಕಾಗಿರುವುದು ಒಂದೇ ಮಾತು. ಕಂಬ ಹೇಗೆ ನಡುಗುತ್ತದೆ ಅನ್ನುವುದು ಕಂಬವೊಂದರ ಕೈಯಲ್ಲಿಲ್ಲ. ಅದರ ಕೆಳಗಿನ ತಳದ ಕೈಯಲ್ಲೂ ಇದೆ. ಲೆಕ್ಕ ಹಾಕುವಾಗ ತಳವನ್ನು ಬಂಡೆ ಅಂದುಕೊಳ್ಳಬೇಡಿ.

ಸ್ಟೀಲ್ ಸ್ಕೇಲನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು ಮೀಟಿದರೆ ಅದು ತನ್ನದೇ ಒಂದು ಲಯದಲ್ಲಿ ನಡುಗುತ್ತದೆ, ಅಲ್ವಾ? ಗಾಳಿಯಂತ್ರದ ಕಂಬಕ್ಕೂ ಅಂಥದ್ದೊಂದು ಲಯ ಇದೆ. ಇನ್ನೊಂದು ಕಡೆ, ಮೂರು ರೆಕ್ಕೆಗಳು ಒಂದೊಂದಾಗಿ ಕಂಬದ ಮುಂದೆ ಹಾದು ಹೋಗುತ್ತವೆ. ಕಂಬದ ಮುಂದೆ ಗಾಳಿಯ ವೇಗ ತಗ್ಗಿರುತ್ತದೆ. ಹಾಗಾಗಿ ರೆಕ್ಕೆ ಅಲ್ಲಿಗೆ ಬಂದಾಗಲೆಲ್ಲ ಯಂತ್ರಕ್ಕೆ ಒಂದು ಸಣ್ಣ ಜಗ್ಗು. ನಿಮಿಷಕ್ಕೆ 12 ಸುತ್ತು ಅಂದರೆ 36 ಜಗ್ಗು. ವರ್ಷವಿಡೀ ಹೀಗೇ ತಿರುಗಿದರೆ ಸುಮಾರು 1.9 ಕೋಟಿ ಜಗ್ಗು. ಈ ಜಗ್ಗಿನ ಲಯವೂ ಕಂಬದ ಲಯವೂ ಕೂಡಿಬಿಟ್ಟರೆ ನಡುಕ ಬೆಳೆಯುತ್ತದೆ, ಬೆಸುಗೆಗಳು ದಣಿಯುತ್ತವೆ, ಬಿರುಕು ಬಿಡುತ್ತವೆ. ಉಕ್ಕು ಗಟ್ಟಿ ಇದೆಯಲ್ಲ ಅನ್ನುವವರು ಈಗಲೂ ಸಿಗುತ್ತಾರೆ. ಎಷ್ಟೇ ಗಟ್ಟಿ ಇರಲಿ, ಲಯ ಕೂಡಿದರೆ ಉಳಿಗಾಲವಿಲ್ಲ.

ನಮ್ಮ ಪ್ರಯೋಗಶಾಲೆಯಲ್ಲಿ ಒಬ್ಬ ವಿದ್ಯಾರ್ಥಿನಿ ಇದರ ಚಿಕ್ಕ ಮಾದರಿ ಮಾಡಿದಳು. ಪಿವಿಸಿ ಪೈಪಿನ ಕಂಬ. ಮೇಲೆ ಸಣ್ಣ ಮೋಟಾರು, ಅದಕ್ಕೆ ಮೂರು ರೆಕ್ಕೆ, ಪಕ್ಕದಲ್ಲಿ ನಡುಕ ಅಳೆಯಲು ಟೇಪು ಸುತ್ತಿ ಅಂಟಿಸಿದ ಹಳೇ ಫೋನು. ಮೊದಲು ಕಂಬವನ್ನು ಟೇಬಲ್ಲಿಗೆ ಬಿಗಿದು ಓಡಿಸಿದಳು. ನಿಮಿಷಕ್ಕೆ 60 ಸುತ್ತಿನ ಹತ್ತಿರ ಬಂದಾಗ ಕಂಬ ಜೋರಾಗಿ ನಡುಗಿತು. ಸೆಕೆಂಡಿಗೆ 3 ಜಗ್ಗು ಅದು. ವೇಗ 85ಕ್ಕೆ ಏರಿಸಿದರೆ ಶಾಂತ. ಇದೇ ಸುರಕ್ಷಿತ ವೇಗ ಅಂತ ಪುಸ್ತಕದಲ್ಲಿ ಬರೆದುಕೊಂಡಳು.

ಆಮೇಲೆ ಅದೇ ಕಂಬವನ್ನು ನೀಲಿ ಪ್ಲಾಸ್ಟಿಕ್ ಡ್ರಮ್ಮಿನ ಮುಚ್ಚಳಕ್ಕೆ ಬೋಲ್ಟ್ ಹಾಕಿ, ಡ್ರಮ್ಮಿನೊಳಗೆ ಅಡಿಯಲ್ಲಿ ಮರಳು ತುಂಬಿ, ತೊಟ್ಟಿಯಲ್ಲಿ ತೇಲಿಸಿದಳು. 60ರಲ್ಲಿ ಏನೂ ಆಗಲಿಲ್ಲ. 85ಕ್ಕೆ ಬಂದಾಗ ನೋಡಿ, ಕಂಬ ಗಡಗಡ ಅಂತು! ಡ್ರಮ್ಮಿನ ಸುತ್ತ ನೀರಿನ ಮೇಲೆ ಸಣ್ಣ ಸಣ್ಣ ಉಂಗುರಗಳು ಎದ್ದವು. ‘ಸರ್, ಫೋನ್ ಕೆಟ್ಟಿದೆ ಅನ್ಸುತ್ತೆ’ ಅಂದಳು. ಫೋನು ಸರಿಯಾಗೇ ಇತ್ತು. ಟೇಬಲ್ಲಿನ ಮೇಲೆ ಬುಡ ಅಲ್ಲಾಡುವಂತಿಲ್ಲ, ತುದಿ ಮಾತ್ರ ಆಡುತ್ತದೆ. ನೀರಿನಲ್ಲಿ ತುದಿ ಒಂದು ಕಡೆ ಹೋದರೆ ಬುಡ ಇನ್ನೊಂದು ಕಡೆ ಓಲುತ್ತದೆ. ಅಲ್ಲಾಡದ ಜಾಗ ಕಂಬದ ಮೇಲಕ್ಕೆ ಸರಿಯುತ್ತದೆ. ಆಡುವ ಉದ್ದ ಕಡಿಮೆಯಾಯಿತು, ಲಯ ಚುರುಕಾಯಿತು.

ಕಥೆ ಇನ್ನೂ ಇದೆ. ಅವಳ ಕಂಪ್ಯೂಟರ್ ಲೆಕ್ಕದಲ್ಲಿ ಡ್ರಮ್ಮು ಬಾಗುವುದೇ ಇಲ್ಲ ಅಂತ ಇತ್ತು. ಆ ಲೆಕ್ಕದ ಪ್ರಕಾರ ಕಂಬ ಸೆಕೆಂಡಿಗೆ 5 ಸಲ ನಡುಗಬೇಕು. ತೊಟ್ಟಿಯಲ್ಲಿ ಕಂಡದ್ದು ನಾಲ್ಕಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ. ನಾನು ಮುಚ್ಚಳದ ಮೇಲೆ ಬೆರಳಿಟ್ಟು ನೋಡು ಅಂದೆ. ಬೋಲ್ಟಿನ ಸುತ್ತ ಮುಚ್ಚಳ ಉಬ್ಬುತ್ತಾ ತಗ್ಗುತ್ತಾ ಇತ್ತು. ಮುಚ್ಚಳದ ಅಡಿಗೆ ದಪ್ಪ ಪ್ಲೈವುಡ್ ಕೊಟ್ಟು ಬಿಗಿದಳು. ನಡುಕ 85 ಬಿಟ್ಟು 100 ಸುತ್ತಿನ ಹತ್ತಿರಕ್ಕೆ ಹೋಯಿತು. ಅಂದರೆ ಸೆಕೆಂಡಿಗೆ 5. ಲೆಕ್ಕವೂ ನೀರೂ ಆಗ ಒಂದಾದವು. ಕಂಬ ಅದೇ, ಮೋಟಾರು ಅದೇ. ಬದಲಾದದ್ದು ತಳ ಮಾತ್ರ.

ದೊಡ್ಡ ಯಂತ್ರದಲ್ಲೂ ಇದೇ ಆಗುತ್ತದೆ. ಎನ್‌ಆರ್‌ಇಎಲ್ ಅಂತ ಹೆಸರಿದ್ದ ಅಮೆರಿಕದ ಸರ್ಕಾರಿ ಇಂಧನ ಪ್ರಯೋಗಾಲಯ ಎಲ್ಲರ ಅಭ್ಯಾಸಕ್ಕೆಂದು 5 ಮೆಗಾವ್ಯಾಟಿನ ಒಂದು ಯಂತ್ರವನ್ನು ಕಾಗದದ ಮೇಲೆ ರೂಪಿಸಿಕೊಟ್ಟಿದೆ. ನೆಲದ ಮೇಲೆ ಅದರ ಕಂಬ ಮೂರು ಸೆಕೆಂಡಿಗೆ ಸುಮಾರು ಒಂದು ಸಲ ತೂಗುತ್ತದೆ. ರೆಕ್ಕೆಗಳ ಜಗ್ಗು ಇದಕ್ಕಿಂತ ಬೇಗ ಬೇಗ ಬರುವುದರಿಂದ ಎರಡೂ ಕೂಡುವುದಿಲ್ಲ. ತೇಲುವ ತಳದ ಮೇಲೆ ಇಟ್ಟರೆ ಲಯ ಎರಡು ಸೆಕೆಂಡಿನ ಹತ್ತಿರಕ್ಕೆ ಬಂದು, ನೇರ ಆ ಜಗ್ಗಿನ ವ್ಯಾಪ್ತಿಯೊಳಗೆ ಬೀಳುತ್ತದೆ. ಹೊರಗೆ ತರಬೇಕಾದರೆ ಕಂಬವನ್ನು ಇನ್ನೂ ಬಿಗಿ ಮಾಡಬೇಕು, ಅಂದರೆ ಉಕ್ಕು ಜಾಸ್ತಿ ಬೇಕು. ಅಷ್ಟು ಮಾಡಿದ ಮೇಲೂ ತಳ ಬಾಗಿದರೆ ಲಯ ಕೆಳಗಿಳಿದು ವಾಪಸ್ ಅಲ್ಲಿಗೇ ಬರಬಹುದು. ಅದಕ್ಕೇ ಮತ್ತೆ ಹೇಳುತ್ತೇನೆ, ತಳವನ್ನು ಬಂಡೆ ಅಂದುಕೊಳ್ಳಬೇಡಿ.

ಸಮಯ ಕಡಿಮೆ ಉಳಿದಿದೆ, ಅಲೆಯ ವಿಚಾರ ಪೂರ್ತಿ ಹೇಳಲಾಗುವುದಿಲ್ಲ. ರೆಕ್ಕೆಯ ನಿಯಂತ್ರಣದ ಬಗ್ಗೆ ಒಂದು ಮಾತು. ಜೋರು ಗಾಳಿಯಲ್ಲಿ ರೆಕ್ಕೆಯನ್ನು ತಿರುಚಿ ಗಾಳಿಯನ್ನು ಬಿಟ್ಟುಕೊಡುತ್ತಾರೆ. ನೆಲದ ಯಂತ್ರದಲ್ಲಿ ಇದನ್ನು ಚುರುಕಾಗಿ ಮಾಡುತ್ತಾರೆ. ತೇಲುವ ಯಂತ್ರದಲ್ಲೂ ಅಷ್ಟೇ ಚುರುಕಾಗಿ ಮಾಡಿದರೆ ಇಡೀ ಯಂತ್ರದ ಓಲಾಟ ಬೆಳೆಯುತ್ತಾ ಹೋಗಬಹುದು. ಅಲ್ಲಿ ನಿಧಾನವೇ ಸರಿ.

ಎಂಜಿನಿಯರಿಂಗ್ ಓದುತ್ತಿರುವವರಿಗೆ: ಗಾಳಿಯಂತ್ರದ ಇಂಥ ಲೆಕ್ಕ ಹಾಕುವ ಓಪನ್‌ಫಾಸ್ಟ್ ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ತಳವೂ ಬಾಗುತ್ತದೆ ಅಂತ ಅದಕ್ಕೆ ಹೇಳಿಕೊಡಬಹುದು. ಒಂದು ಸಲ ಗಟ್ಟಿ ತಳ ಇಟ್ಟು ಓಡಿಸಿ, ಇನ್ನೊಂದು ಸಲ ಬಾಗುವ ತಳ ಇಟ್ಟು ಓಡಿಸಿ. ಎರಡು ಉತ್ತರವನ್ನೂ ವರದಿಯ ಮೊದಲ ಪುಟದಲ್ಲೇ ಅಕ್ಕಪಕ್ಕ ಹಾಕಿ. ನಮಸ್ಕಾರ.