ದೇವರ ಹೆಸರಿಗೆ ಮತ ಎಣಿಸಿದ ದಿನ

ಮಾನ್ಯ ಅಧ್ಯಕ್ಷರೇ, ಅಧ್ಯಾಪಕ ಮಿತ್ರರೇ, ಸಂವಿಧಾನ ದಿನದ ಈ ಸಂಜೆ ಬಿಡುವು ಮಾಡಿಕೊಂಡು ಬಂದಿರುವ ಮಂಗಳೂರಿನ ಬಂಧುಗಳೇ,

ನವೆಂಬರ್ 26 ಸಮೀಪಿಸಿತೆಂದರೆ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಈ ರಾಷ್ಟ್ರವನ್ನು ಕಟ್ಟಿದವರು ಆಸ್ತಿಕರೋ ನಾಸ್ತಿಕರೋ? ಅವರು ಶಾಸ್ತ್ರಗಳನ್ನು ನಂಬಿದ್ದರೋ ಇಲ್ಲವೋ? ಕೇಳುವವರ ದನಿಯಲ್ಲಿ ತಿಳಿಯುವ ಆಸೆಗಿಂತ ದಾವೆ ಹೂಡಿದವರ ಆತುರ ಹೆಚ್ಚಾಗಿ ಕಾಣುತ್ತದೆ. ಗಾಂಧೀಜಿ ಗೀತೆಯನ್ನು ತಾಯಿಯೆಂದು ಕರೆದರು, ಆದ್ದರಿಂದ ರಾಷ್ಟ್ರ ನಮ್ಮ ಕಡೆಗೆ ಎಂದು ಒಬ್ಬರು ಹೇಳಿದರೆ, ನೆಹರೂ ತಮ್ಮ ಮರಣಾನಂತರ ಯಾವ ಧಾರ್ಮಿಕ ವಿಧಿಯೂ ಬೇಡವೆಂದು 1954ರಲ್ಲಿ ಉಯಿಲು ಬರೆದಿಟ್ಟರು, ಆದ್ದರಿಂದ ನಮ್ಮ ಕಡೆಗೆ ಎಂದು ಇನ್ನೊಬ್ಬರು ಹೇಳುತ್ತಾರೆ. ಧರ್ಮಗ್ರಂಥವನ್ನು ಶ್ರದ್ಧೆಯಿಂದ ಓದುವವರ ಮನೆಯಲ್ಲಿ ಹುಟ್ಟಿ, ಇಂದಿಗೂ ಹಾಗೆಯೇ ಓದುತ್ತಿರುವ ನನಗೆ ಈ ಎರಡೂ ವಾದಗಳು ನೋವು ತರುತ್ತವೆ. ಆ ಹಿರಿಯರು ಗ್ರಂಥವನ್ನು ಹೇಗೆ ನಂಬಿದರು, ನಂಬುವ ಮೊದಲು ಅದಕ್ಕೆ ಯಾವ ಪರೀಕ್ಷೆ ಒಡ್ಡಿದರು, ನಂಬಿದ ಮೇಲೆ ಆ ನಂಬಿಕೆಗೆ ಸರ್ಕಾರದ ಮುದ್ರೆಯನ್ನು ಏಕೆ ಬೇಡಲಿಲ್ಲ ಎನ್ನುವುದನ್ನು ಈ ವಾದಗಳು ಕೇಳುವುದೇ ಇಲ್ಲ. ಇಂದು ನಾನು ಹೇಳಬೇಕೆಂದಿರುವುದು ಇಷ್ಟನ್ನೇ.

ಮೊದಲು 1949ರ ಅಕ್ಟೋಬರ್ 17ನೆಯ ತಾರೀಖಿನ ಸಂಗತಿ. ಇದನ್ನು ನಾನು ಅವಕಾಶ ಸಿಕ್ಕಲ್ಲೆಲ್ಲ ಹೇಳುತ್ತೇನೆ; ಮಂಗಳೂರಿನಲ್ಲಂತೂ ಹೇಳದಿದ್ದರೆ ತಪ್ಪಾಗುತ್ತದೆ, ಏಕೆಂದರೆ ಅಂದಿನ ಕಥಾನಾಯಕರು ಹುಟ್ಟಿದ್ದು ಈ ಊರಿನಲ್ಲಿಯೇ. ಹರಿ ವಿಷ್ಣು ಕಾಮತ್ 1907ರಲ್ಲಿ ಇಲ್ಲಿ ಹುಟ್ಟಿ, ಬ್ರಿಟಿಷ್ ಆಡಳಿತದ ಉನ್ನತ ನಾಗರಿಕ ಸೇವೆಯಾದ ಐ.ಸಿ.ಎಸ್. ಸೇರಿ, 1938ರಲ್ಲಿ ಆ ಹುದ್ದೆಯನ್ನು ತೊರೆದು ಸುಭಾಷಚಂದ್ರ ಬೋಸರ ಜೊತೆ ಫಾರ್ವರ್ಡ್ ಬ್ಲಾಕ್ ಪಕ್ಷ ಸೇರಿದವರು. ಸಂವಿಧಾನ ಸಭೆಗೆ ಅವರು ಮಧ್ಯಪ್ರಾಂತ್ಯ ಮತ್ತು ಬೇರಾರ್‌ನಿಂದ ಹೋಗಿದ್ದರು. ಅಂದು ಸಭೆಯ ಮುಂದಿದ್ದದ್ದು ಪ್ರಸ್ತಾವನೆ. "ಭಾರತದ ಜನತೆಯಾದ ನಾವು" ಎಂಬ ಮಾತಿಗೆ ಮುಂಚೆ "ದೇವರ ಹೆಸರಿನಲ್ಲಿ" ಎಂದು ಸೇರಿಸಬೇಕೆಂದು ಕಾಮತರು ತಿದ್ದುಪಡಿ ತಂದರು. ಅದಕ್ಕೆ ಆಧಾರವಾಗಿ ಅವರು ಹೇಳಿದ್ದು ಗೀತೆಯ ಒಂಬತ್ತನೆಯ ಅಧ್ಯಾಯದ ಶ್ಲೋಕವನ್ನು: "ಯತ್ಕರೋಷಿ ಯದಶ್ನಾಸಿ", ನೀನು ಏನು ಮಾಡಿದರೂ, ಏನು ಉಂಡರೂ, ಅದನ್ನು ನನಗೆ ಅರ್ಪಿಸು. ಸಂವಿಧಾನವನ್ನೂ ಹಾಗೆಯೇ ಅರ್ಪಿಸೋಣ ಎಂಬುದು ಅವರ ಕೋರಿಕೆ. ಅದರಲ್ಲಿ ರಾಜಕೀಯದ ಲೆಕ್ಕಾಚಾರವಿತ್ತೆಂದು ನನಗೆ ಅನ್ನಿಸುವುದಿಲ್ಲ. ಅದು ಶುದ್ಧ ಭಕ್ತಿಯ ಮಾತು.

ಆಗ ಸಭೆಯಲ್ಲಿ ನಡೆದದ್ದನ್ನು ಕೇಳಿ. ಶಿಬ್ಬನ್ ಲಾಲ್ ಸಕ್ಸೇನಾ ಅವರು ದೇವರ ಜೊತೆಗೆ ಗಾಂಧೀಜಿಯ ಹೆಸರೂ ಇರಲಿ ಎಂದರು. ಮದನಮೋಹನ ಮಾಲವೀಯರ ಮಗ ಗೋವಿಂದ ಮಾಲವೀಯರು "ಪರಮೇಶ್ವರನ ಕೃಪೆಯಿಂದ" ಎಂದಿರಲಿ ಎಂದರು. ಅಸ್ಸಾಮಿನ ರೋಹಿಣಿ ಕುಮಾರ್ ಚೌಧುರಿಯವರು ಎದ್ದು ನಿಂತು, ದೇವರೆಂದರೆ ಸಾಲದು, ದೇವಿಯ ಹೆಸರಿನಲ್ಲಿ ಎಂದಾಗಬೇಕು, ತಾವು ಕಾಮಾಖ್ಯೆಯ ನಾಡಿನವರು, ಶಾಕ್ತರಾದ ತಾವು ದೇವಿಯನ್ನು ಬಿಟ್ಟು ದೇವರನ್ನಷ್ಟೇ ಕರೆಯುವುದನ್ನು ಒಪ್ಪುವುದಿಲ್ಲ ಎಂದರು. ನೀವು ನಗುತ್ತಿದ್ದೀರಿ, ನಗಬೇಕಾದ ಮಾತೇ ಹೌದು. ಆದರೆ ಆ ನಗುವಿನ ಒಳಗೆ ಇಡೀ ಸಮಸ್ಯೆ ಅಡಗಿದೆ. ದೇವರ ಹೆಸರನ್ನು ಶಾಸನದಲ್ಲಿ ಬರೆಯಲು ಹೊರಟ ಕ್ಷಣದಲ್ಲಿಯೇ, ಯಾವ ದೇವರು, ಯಾವ ಹೆಸರು, ಯಾರ ದೇವರು ಎಂಬ ಪ್ರಶ್ನೆ ಎದುರಾಯಿತು. ಸಾವಿರಾರು ವರ್ಷ ಒಂದೇ ಬೀದಿಯಲ್ಲಿ ತೇರು ಎಳೆದ ಶೈವ, ವೈಷ್ಣವ, ಶಾಕ್ತರು ಒಂದು ವಾಕ್ಯದ ಮುಂದೆ ಬೇರೆಬೇರೆಯಾಗಿ ನಿಲ್ಲಬೇಕಾಯಿತು.

ವಿರೋಧಿಸಿದವರು ಯಾರು ಎಂಬುದನ್ನು ನೀವು ವಿಶೇಷವಾಗಿ ಗಮನಿಸಬೇಕೆಂದು ನನ್ನ ಪ್ರಾರ್ಥನೆ. ತಿರುವಾಂಕೂರಿನ ಪಟ್ಟಂ ತಾಣು ಪಿಳ್ಳೆಯವರು ತಾವು ದೇವರನ್ನು ನಂಬುವವರೆಂದು ಹೇಳಿಯೇ, ನಂಬಿಕೆಯ ವಿಷಯದಲ್ಲಿ ಬಲವಂತ ಸಲ್ಲದೆಂದರು. ಹೃದಯನಾಥ ಕುಂಜ್ರೂ ಅವರು, ಮನುಷ್ಯನ ಅತ್ಯಂತ ಒಳಗಿನ, ಪವಿತ್ರವಾದ ಭಾವನೆಯನ್ನು ಚರ್ಚೆಯ ಕಣಕ್ಕೆ ತಂದದ್ದಕ್ಕೆ ಮರುಗಿದರು. ಪೂರ್ಣಿಮಾ ಬ್ಯಾನರ್ಜಿಯವರು, ದೇವರ ಮೇಲೆ ಮತ ಹಾಕುವ ಸಂಕಟಕ್ಕೆ ನಮ್ಮನ್ನು ಗುರಿಮಾಡಬೇಡಿ ಎಂದು ಕಾಮತರನ್ನು ಬೇಡಿಕೊಂಡರು. ಸಕ್ಸೇನಾ ಅವರು ಸಭೆಯ ಹಿರಿಯ ಸದಸ್ಯರಾದ ಆಚಾರ್ಯ ಕೃಪಲಾನಿಯವರ ಮಾತಿಗೆ ಮನ್ನಣೆಯಿತ್ತು ತಮ್ಮ ತಿದ್ದುಪಡಿಯನ್ನು ಹಿಂತೆಗೆದುಕೊಂಡರು. ಕಾಮತರು ಮಾತ್ರ ಹಿಂದೆ ಸರಿಯಲಿಲ್ಲ. ಮತ ಎಣಿಸಿದಾಗ ಪರವಾಗಿ 41, ವಿರುದ್ಧವಾಗಿ 68. ಇದು ನಮ್ಮ ಚರಿತ್ರೆಯ ಕರಾಳ ದಿನ, ದೇವರೇ ಭಾರತವನ್ನು ಕಾಪಾಡಲಿ ಎಂದು ಕಾಮತರು ಅಲ್ಲಿಯೇ ಉದ್ಗರಿಸಿದರು.

ಅವರ ನೋವನ್ನು ನಾನು ಗೌರವಿಸುತ್ತೇನೆ. ಆದರೂ ಆ 68 ಮತಗಳನ್ನು ದೇವರ ವಿರುದ್ಧ ಬಿದ್ದ ಮತಗಳೆಂದು ಓದುವುದು ಅನ್ಯಾಯ. ದೇವರ ಹೆಸರು ಎಣಿಕೆಯ ವಸ್ತುವಾಗಬಾರದು ಎಂಬ ಸಂಕೋಚ ಭಕ್ತರಿಗೇ ಹೆಚ್ಚಾಗಿ ಇರುತ್ತದೆ. ಅದೇ ಪ್ರಸ್ತಾವನೆಯ ಮೇಲೆ ಮಾತನಾಡಿದ ಕೃಪಲಾನಿಯವರು, ಇಲ್ಲಿ ಬರೆದಿರುವುದು ಬರಿಯ ಕಾನೂನಿನ ಹಾಗೂ ರಾಜಕೀಯದ ತತ್ವಗಳಲ್ಲ, ಇವು ನೈತಿಕವಾದ, ಆಧ್ಯಾತ್ಮಿಕವಾದ ತತ್ವಗಳು ಎಂದು ಸಭೆಗೆ ನೆನಪಿಸಿದರು. ದೇವರ ಹೆಸರಿಲ್ಲದ ಪುಟದಲ್ಲಿ ಆ ಹಿರಿಯರು ಅಧ್ಯಾತ್ಮವನ್ನು ಕಂಡರು.

ಇನ್ನು ಗ್ರಂಥದ ಮಾತಿಗೆ ಬರುತ್ತೇನೆ. ಕಾಮತರು ಗೀತೆಯನ್ನು ಆಧಾರವಾಗಿ ತಂದರಲ್ಲ, ಆ ಗೀತೆಯನ್ನು ನಮ್ಮ ಸ್ಥಾಪಕರು ಒಂದೇ ರೀತಿಯಲ್ಲಿ ಓದಿದ್ದರೇ? ತಿಲಕರು ಮಂಡಾಲೆಯ ಸೆರೆಮನೆಯಲ್ಲಿ ಕುಳಿತು ಬರೆದ ಗೀತಾರಹಸ್ಯ 1915ರಲ್ಲಿ ಪ್ರಕಟವಾಯಿತು. ಅದು ಕರ್ಮಯೋಗವನ್ನೇ ಗೀತೆಯ ತಿರುಳೆಂದು ಸಾಧಿಸಿತು. 1920ರ ಜನವರಿಯಲ್ಲಿ ತಿಲಕರಿಗೂ ಗಾಂಧೀಜಿಗೂ ನಡುವೆ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಒಂದು ಚಿಕ್ಕ ವಾದ ನಡೆಯಿತು. ರಾಜಕೀಯ ಸಾಧುಗಳ ಕ್ಷೇತ್ರವಲ್ಲ, ಕೋಪವನ್ನು ಶಾಂತಿಯಿಂದ ಗೆಲ್ಲು ಎಂಬ ಬುದ್ಧನ ಮಾತಿಗಿಂತ "ಯೇ ಯಥಾ ಮಾಂ ಪ್ರಪದ್ಯಂತೇ", ಯಾರು ನನ್ನ ಬಳಿಗೆ ಹೇಗೆ ಬರುತ್ತಾರೋ ಅವರಿಗೆ ನಾನು ಹಾಗೆಯೇ ಒದಗುತ್ತೇನೆ, ಎಂಬ ಕೃಷ್ಣನ ಮಾತನ್ನು ತಾವು ಮೆಚ್ಚುತ್ತೇವೆ ಎಂದು ತಿಲಕರು ಬರೆದರು. ಆ ಎರಡು ಮಾತುಗಳಿಗೆ ವಿರೋಧವೇ ಇಲ್ಲ ಎಂದು ಗಾಂಧೀಜಿ ಉತ್ತರಿಸಿದರು. ದುಷ್ಟನ ಎದುರಿನಲ್ಲಿಯೂ ಸತ್ಯವೇ ಎಂಬುದು ಅವರ ನಿಲುವು. ಇಬ್ಬರೂ ಗೀತೆಗಾಗಿ ಬದುಕಿದವರು. ಒಬ್ಬರು ಸುಳ್ಳು ಭಕ್ತರು, ಇನ್ನೊಬ್ಬರು ನಿಜ ಭಕ್ತರು ಎಂದು ಹೇಳಲು ಯಾರಿಗೆ ಬಾಯಿ ಬರುತ್ತದೆ?

ಗಾಂಧೀಜಿ ಗೀತೆಯನ್ನು ಮೊದಲು ಓದಿದ್ದು ಲಂಡನ್ನಿನಲ್ಲಿ, ಕಾನೂನು ವಿದ್ಯಾರ್ಥಿಯಾಗಿದ್ದಾಗ, ಎಲ್ಲ ಧರ್ಮಗಳ ಒಳತಿರುಳನ್ನು ಅರಸುವ ಥಿಯಾಸಫಿ ಪಂಥದ ಇಬ್ಬರು ಸಹೋದರರ ಜೊತೆಯಲ್ಲಿ, ಅದೂ ಇಂಗ್ಲಿಷ್ ಅನುವಾದದಲ್ಲಿ. ಆಮೇಲೆ ಅದನ್ನು ತಾವೇ ಗುಜರಾತಿಗೆ ಅನುವಾದಿಸಿ ಅನಾಸಕ್ತಿಯೋಗ ಎಂದು ಕರೆದರು. ಅದರ ಮುನ್ನುಡಿಯ ಒಂದು ಕಡೆಯಲ್ಲಿ ನಾನು ಪ್ರತಿಸಲವೂ ತಡೆದು ನಿಲ್ಲುತ್ತೇನೆ. ಗೀತೆಯ ಅಕ್ಷರಾರ್ಥವನ್ನು ಹಿಡಿದರೆ ಯುದ್ಧಕ್ಕೂ ಫಲತ್ಯಾಗಕ್ಕೂ ಹೊಂದಾಣಿಕೆಯಿದೆ ಎಂದು ಹೇಳಬಹುದು ಎಂಬುದನ್ನು ಅವರು ಅಲ್ಲಿ ಒಪ್ಪಿಕೊಳ್ಳುತ್ತಾರೆ. ಒಪ್ಪಿಕೊಂಡು, ಗೀತೆಯ ಬೋಧನೆಯನ್ನು 40 ವರ್ಷ ಬದುಕಿನಲ್ಲಿ ಎಡೆಬಿಡದೆ ಆಚರಿಸಲು ಯತ್ನಿಸಿದ ಮೇಲೆ, ಪೂರ್ಣ ಅಹಿಂಸೆಯಿಲ್ಲದೆ ಪೂರ್ಣ ತ್ಯಾಗ ಸಾಧ್ಯವಿಲ್ಲವೆಂದು ತಮಗೆ ಕಂಡಿದೆ ಎನ್ನುತ್ತಾರೆ. ಅವರ ವ್ಯಾಖ್ಯಾನಕ್ಕೆ ಅವರ ಬದುಕೇ ಪ್ರಮಾಣ. ಗ್ರಂಥವನ್ನು ನಂಬುವುದೆಂದರೆ ಇದು: ಅದರ ಒಂದು ಮಾತಿಗೆ ಆಯುಸ್ಸನ್ನೇ ಒತ್ತೆಯಿಟ್ಟು ನೋಡುವುದು. ಇಂಥ ನಂಬಿಕೆಯನ್ನು ಯಾವ ಪ್ರಸ್ತಾವನೆಯ ಯಾವ ವಾಕ್ಯ ತಾನೇ ಜನರಿಗೆ ಕೊಡಿಸಬಲ್ಲುದು? 1946ರಲ್ಲಿ ಅದೇ ಗಾಂಧೀಜಿ, ತಮ್ಮ ಧರ್ಮಕ್ಕಾಗಿ ಪ್ರಾಣ ಕೊಡಲು ಸಿದ್ಧ, ಆದರೆ ಅದು ತಮ್ಮ ಸ್ವಂತ ವಿಷಯ, ಪ್ರಭುತ್ವಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದರು. ಈ ಎರಡು ಮಾತುಗಳು ಒಂದೇ ಬಾಯಿಂದ ಬಂದವು ಎಂಬುದನ್ನು ಎರಡೂ ಪಕ್ಷದವರು ಮರೆಯುತ್ತಾರೆ.

ಗ್ರಂಥವನ್ನು ನಂಬುವವರೆಲ್ಲ ಉತ್ತರಿಸಲೇಬೇಕಾದ ಕಠಿಣ ಪ್ರಶ್ನೆಯನ್ನು ಕೇಳಿದವರು ಡಾ. ಅಂಬೇಡ್ಕರ್. 1936ರಲ್ಲಿ ಲಾಹೋರಿನ ಜಾತಿವಿರೋಧಿ ಸಂಘಟನೆಯಾದ ಜಾತ್‌ಪಾತ್ ತೋಡಕ್ ಮಂಡಲದ ಸಮ್ಮೇಳನಕ್ಕೆಂದು ಸಿದ್ಧಪಡಿಸಿದ್ದ ಭಾಷಣವನ್ನು ಮಾಡಲು ಅವಕಾಶ ತಪ್ಪಿದಾಗ, ಅವರು ಅದನ್ನು ತಾವೇ ಅಚ್ಚು ಹಾಕಿಸಿದರು. ಜಾತಿಯನ್ನು ಆಚರಿಸುವ ಜನರು ಕೆಟ್ಟವರಲ್ಲ, ಅವರು ಧರ್ಮನಿಷ್ಠರು, ಆದ್ದರಿಂದಲೇ ಶಾಸ್ತ್ರಗಳ ಪಾವಿತ್ರ್ಯದ ಮೇಲಿನ ನಂಬಿಕೆಯನ್ನೇ ಅಳಿಸಬೇಕು ಎಂಬುದು ಅವರ ವಾದ. ಗಾಂಧೀಜಿ ಹರಿಜನ ಪತ್ರಿಕೆಯಲ್ಲಿ ಉತ್ತರ ಬರೆದು, ಸ್ಮೃತಿಗಳಲ್ಲಿ ಇರುವುದೆಲ್ಲ ದೇವರ ವಾಕ್ಯವಲ್ಲ, ಪ್ರಕ್ಷಿಪ್ತವಾದದ್ದು, ಎಂದರೆ ಆಮೇಲೆ ಯಾರೋ ಸೇರಿಸಿದ್ದು, ಬಹಳವಿದೆ, ಶಾಶ್ವತ ಸತ್ಯವನ್ನು ಹೇಳುವ, ಮನಸ್ಸಾಕ್ಷಿ ಒಪ್ಪುವ ಮಾತೇ ಶಾಸ್ತ್ರ ಎಂದರು. ಅಂಬೇಡ್ಕರರ ಮರುಮಾತು ನನ್ನನ್ನು ಇಂದಿಗೂ ಕಾಡುತ್ತದೆ. ಮೂಲ ಯಾವುದು, ಪ್ರಕ್ಷಿಪ್ತ ಯಾವುದು ಎಂಬ ವಿವೇಚನೆ ಜನಸಾಮಾನ್ಯರಿಗೆ ಇಲ್ಲ. ಶಾಸ್ತ್ರದಲ್ಲಿ ಏನಿದೆಯೆಂದೇ ಅವರಿಗೆ ತಿಳಿಯದು. ಶಾಸ್ತ್ರ ಹೀಗೆ ಹೇಳುತ್ತದೆ ಎಂದು ಅವರಿಗೆ ಹೇಳಿದ್ದನ್ನು ಅವರು ನಂಬಿದ್ದಾರೆ. ಈ ಒಂದು ವಿಷಯದಲ್ಲಿ ಅಂಬೇಡ್ಕರರ ಕಣ್ಣು ಹೆಚ್ಚು ಚುರುಕಾಗಿತ್ತೆಂದು ನಾನು ನಂಬುತ್ತೇನೆ. ಗುಡಿಯ ಬಾಗಿಲಿನಿಂದ ಹಿಂದಕ್ಕೆ ಕಳುಹಿಸಲ್ಪಟ್ಟ ಮನುಷ್ಯನಿಗೆ, ನಿನ್ನನ್ನು ತಡೆದ ಶ್ಲೋಕ ಪ್ರಕ್ಷಿಪ್ತವೆಂದು ವಿವರಿಸಿದರೆ ಅವನು ಅದನ್ನು ತೆಗೆದುಕೊಂಡು ಏನು ಮಾಡಬೇಕು?

ಆದರೆ ಅಂಬೇಡ್ಕರರ ಕಥೆ ಅಲ್ಲಿಗೆ ಮುಗಿಯಲಿಲ್ಲ ಎಂಬುದನ್ನು ಅವರನ್ನು ಬರಿಯ ನಾಸ್ತಿಕರೆಂದು ಸಾರುವವರು ನೆನಪಿನಲ್ಲಿಡಬೇಕು. ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಎಂಬ ಮೂರನ್ನು ತಾವು ಫ್ರೆಂಚ್ ಕ್ರಾಂತಿಯಿಂದ ಪಡೆಯಲಿಲ್ಲ, ತಮ್ಮ ಗುರುವಾದ ಬುದ್ಧನಿಂದ ಪಡೆದೆ ಎಂದು ಅವರು 1954ರಲ್ಲಿ ಆಕಾಶವಾಣಿಯಲ್ಲಿ ಹೇಳಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಧಮ್ಮವನ್ನು ಸ್ವೀಕರಿಸಿದರು. ಬುದ್ಧ ಮತ್ತು ಆತನ ಧಮ್ಮವನ್ನು ಕುರಿತು ಅವರು ರಚಿಸಿದ ಗ್ರಂಥ ಅವರು ತೀರಿಕೊಂಡ ಮರುವರ್ಷ ಹೊರಬಂತು. ಯಾವುದು ಬುದ್ಧವಚನ, ಯಾವುದು ಅಲ್ಲ ಎಂದು ನಿರ್ಣಯಿಸಲು ಅಲ್ಲಿಯೂ ಒಂದು ಪರೀಕ್ಷೆಯಿದೆ: ವಿವೇಕಕ್ಕೆ ಒಪ್ಪುವುದು ಬುದ್ಧನ ಮಾತಾಗಿರಬಹುದು. ಗಾಂಧೀಜಿಯ ಮನಸ್ಸಾಕ್ಷಿಗೂ ಅಂಬೇಡ್ಕರರ ವಿವೇಕಕ್ಕೂ ಅಂತರವಿದೆ, ನಾನು ಅದನ್ನು ಮುಚ್ಚಿಡುವುದಿಲ್ಲ. ಆದರೆ ಪರೀಕ್ಷಿಸದೆ ಯಾವ ಗ್ರಂಥಕ್ಕೂ ಇಬ್ಬರೂ ತಲೆಬಾಗಲಿಲ್ಲ.

ಸಮಯ ಮೀರುತ್ತಿದೆಯೆಂದು ಅಧ್ಯಕ್ಷರು ಸೂಚಿಸುತ್ತಿದ್ದಾರೆ. ಮೌಲಾನಾ ಆಜಾದರ ಬಗ್ಗೆ ವಿಸ್ತಾರವಾಗಿ ಹೇಳಬೇಕೆಂದಿದ್ದೆ. ಬ್ರಿಟಿಷ್ ಪೊಲೀಸರು ಹಸ್ತಪ್ರತಿಗಳನ್ನು ವಶಪಡಿಸಿಕೊಂಡು ಹಾಳುಮಾಡಿದ ಮೇಲೂ ಕುರ್‌ಆನಿನ ಅನುವಾದ ಮತ್ತು ವ್ಯಾಖ್ಯಾನವನ್ನು ಮತ್ತೆ ಕೈಗೆತ್ತಿಕೊಂಡ ಅವರು, ಅದರ ಮೊದಲ ಅಧ್ಯಾಯದಲ್ಲಿಯೇ ಎಲ್ಲ ಜೀವಿಗಳನ್ನು ಪೊರೆಯುವ ಒಬ್ಬ ದೇವರನ್ನೂ ಧರ್ಮಗಳ ಮೂಲ ಏಕತೆಯನ್ನೂ ಕಂಡವರು. ಅಹಮದ್‌ನಗರದ ಕೋಟೆಯಲ್ಲಿ ಅವರ ಜೊತೆ ಸೆರೆಯಲ್ಲಿದ್ದ ನೆಹರೂ ಯಾವ ಗ್ರಂಥವನ್ನೂ ದೈವವಾಣಿಯೆಂದು ಒಪ್ಪದವರು. ಒಂದೇ ಕೋಟೆಯೊಳಗೆ ವರ್ಷಗಟ್ಟಲೆ ಸೆರೆಯಿದ್ದ ಈ ಇಬ್ಬರೂ ಮುಂದೆ ಒಂದೇ ಮಂತ್ರಿಮಂಡಲದಲ್ಲಿ ಕುಳಿತರು. ಇಷ್ಟಕ್ಕೆ ನಿಲ್ಲಿಸುತ್ತೇನೆ.

ಕೊನೆಯದಾಗಿ ಒಂದು ವಿಷಯವನ್ನು ವಿದ್ಯಾರ್ಥಿಗಳಿಗಾಗಿ ಹೇಳಬೇಕು. ಪ್ರಸ್ತಾವನೆಯಲ್ಲಿ ದೇವರ ಹೆಸರು ಸೇರಲಿಲ್ಲ, ನಿಜ. ಆದರೆ ಸಂವಿಧಾನದಿಂದಲೇ ಅದು ಹೊರಗುಳಿಯಿತು ಎಂದು ತಿಳಿಯಬೇಡಿ. 60ನೆಯ ವಿಧಿಯನ್ನೂ ಮೂರನೆಯ ಅನುಸೂಚಿಯನ್ನೂ ತೆರೆದು ನೋಡಿ. ರಾಷ್ಟ್ರಪತಿಯಾಗಲಿ, ಮಂತ್ರಿಯಾಗಲಿ, ಶಾಸಕರಾಗಲಿ, ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಎರಡು ಸಾಲುಗಳೂ ಅಲ್ಲಿ ಒಂದರ ಮೇಲೊಂದು ಅಚ್ಚಾಗಿವೆ, ಯಾವುದನ್ನು ಆರಿಸಿದಿರಿ, ಏಕೆ ಆರಿಸಿದಿರಿ ಎಂದು ಯಾವ ಅಧಿಕಾರಿಯೂ ಕೇಳುವಂತಿಲ್ಲ. ಒಬ್ಬರೇ ಎಲ್ಲರ ಪರವಾಗಿ ದೇವರನ್ನು ಕರೆಯುವ ಬದಲು, ಪ್ರತಿಯೊಬ್ಬರೂ ತಮ್ಮ ಬಾಯಿಂದ ತಾವೇ ಕರೆಯಲಿ ಎಂದು ಆ ಸಭೆ ತೀರ್ಮಾನಿಸಿತು. ಅಕ್ಟೋಬರ್ 17ರ ಚರ್ಚೆ ಸಂವಿಧಾನ ಸಭೆಯ ನಡಾವಳಿಯ ಹತ್ತನೆಯ ಸಂಪುಟದಲ್ಲಿದೆ; ಪುಟಗಳು ಹೆಚ್ಚಿಲ್ಲ, ಒಂದೇ ಸಂಜೆಯಲ್ಲಿ ಓದಿ ಮುಗಿಸಬಹುದು. ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ. ನಮಸ್ಕಾರ.