ಲೆಗ್‌ರೂಮ್ ಬಿಡಿ, ತೊಡೆ ಎಲ್ಲಿ ಊರುತ್ತೆ ಹೇಳಿ

ನಮಸ್ಕಾರ. ಹಿಂದಿನ ವಿಡಿಯೋ ಕೆಳಗೆ ಒಬ್ರು ಬರೆದಿದಾರೆ: "ಗುರು, ಕಾರಿನ ಹಿಂದಿನ ಸೀಟಲ್ಲಿ ಕಾಲ ಮೇಲೆ ಕಾಲು ಹಾಕ್ಕೊಂಡು ಕೂರಬಹುದು, ಇನ್ನೆಂತ ಬೇಕು ನಿಂಗೆ?" ಅದಕ್ಕೆ ಲೈಕು ಬೇರೆ.

ನಂಗೆ ಬೇಕಾಗಿರೋದು ತೊಡೆಗೆ ಆಧಾರ ಮಾರಾಯ್ರೇ! ಕಾಲು ಚಾಚೋಕೆ ಜಾಗ, ಅಂದ್ರೆ ಲೆಗ್‌ರೂಮ್, ಇರೋದೇ ಬೇರೆ, ಕೂತ್ಕೊಳ್ಳೋಕೆ ಸುಖ ಇರೋದೇ ಬೇರೆ. ಕುಶನ್ನು ಕಾರಿನೊಳಗಿನ ನೆಲಕ್ಕೆ ಹತ್ತಿರ ಇದ್ರೆ ಮೊಣಕಾಲು ಸೊಂಟಕ್ಕಿಂತ ಮೇಲೆ ಹೋಗುತ್ತೆ. ತೊಡೆ ಗಾಳೀಲಿ ನಿಲ್ಲುತ್ತೆ, ಮೈಭಾರ ಪೂರ್ತಿ ಕುಂಡೆಯ ಎರಡು ಮೂಳೆ ಮೇಲೆ. ಮಣೆ ಮೇಲೆ ಕೂತ ಹಾಗೆ. ಶಿವಮೊಗ್ಗದ ಒಳಗೇ ದುರ್ಗಿಗುಡಿಯಿಂದ ಗೋಪಿ ಸರ್ಕಲ್ಲಿಗೆ ಹೋಗೋವಾಗ ಇದು ಗೊತ್ತಾಗಲ್ಲ. ತೀರ್ಥಹಳ್ಳಿ ದಾಟಿ, ಆಗುಂಬೆ ಇಳಿದು, ಮಣಿಪಾಲದ ಆಸ್ಪತ್ರೆಗೆ ಅಜ್ಜೀನ ಕರ್ಕೊಂಡು ಹೋಗೋವಾಗ ಗೊತ್ತಾಗುತ್ತೆ. ಅದೂ ನಿಮಗಲ್ಲ, ಅಜ್ಜಿಗೆ.

ಈಗ ಕಂಪನಿಯವರ ಕೈಚಳಕ ನೋಡಿ. 2006ರ ಬಜೆಟ್ಟಲ್ಲಿ ಸಣ್ಣ ಕಾರಿಗೆ ಸುಂಕ ಇಳಿಸಿದ್ರು. ಉದ್ದ 4 ಮೀಟರ್ ಒಳಗೆ, ಪೆಟ್ರೋಲ್ ಎಂಜಿನ್ನು 1200 ಸಿಸಿ ಒಳಗೆ, ಡೀಸೆಲ್ಲಾದ್ರೆ 1500 ಒಳಗೆ. ಅವತ್ತಿಂದ ಸುಮಾರು ಕಂಪನಿಯವರು 3,995 ಮಿಲಿಮೀಟರಿನ ಆಸುಪಾಸಿಗೆ ಬಂದು ನಿಂತಿದಾರೆ. ಅಷ್ಟರಲ್ಲೇ ಎಂಜಿನ್ನು, ಡಿಕ್ಕಿ, ಜನ ಎಲ್ಲಾ ಹಿಡೀಬೇಕು. ಹಿಂದಿನ ಕುಶನ್ನಿನ ಮುಂದಿನ ಅಂಚು ಎರಡು ಸೆಂಟಿಮೀಟರ್ ಕತ್ತರಿಸಿದ್ರೆ ಮುಂದಿನ ಸೀಟಿಗೂ ಅದಕ್ಕೂ ಮಧ್ಯೆ ಎರಡು ಸೆಂಟಿಮೀಟರ್ ಜಾಸ್ತಿ ಜಾಗ ಕಾಣುತ್ತೆ. ನೀವು ಅದನ್ನ ನೋಡಿ "ಓ, ಏನ್ ಲೆಗ್‌ರೂಮ್" ಅಂತೀರಿ. ಹೋಗಿದ್ದು ನಿಮ್ಮ ತೊಡೆಯ ಜಾಗ!

ಉದಾಹರಣೆಗೆ ಮಾರುತಿ ಬಲೆನೋ ತಗೊಳ್ಳಿ. ವೀಲ್‌ಬೇಸ್, ಅಂದ್ರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರೋ ಅಂತರ, 2,520 ಮಿಲಿಮೀಟರ್, ಎತ್ತರ 1,500. ವ್ಯಾಗನ್ ಆರ್ ವೀಲ್‌ಬೇಸ್ 2,435, ಎತ್ತರ 1,675. ಕಾಗದದ ಮೇಲೆ ಬಲೆನೋ ದೊಡ್ಡದು. ಆದ್ರೆ ಎತ್ತರದ ಕಾರಲ್ಲಿ ಸೀಟೂ ಎತ್ತರಕ್ಕೆ ಇಡಬಹುದು, ಕುರ್ಚಿ ಮೇಲೆ ಕೂತ ಹಾಗೆ ಕಾಲು ಕೆಳಗಿಳಿಯುತ್ತೆ. ಮೊಣಕಾಲು ನೋವಿರೋರು ಬಗ್ಗದೇ ಹತ್ತಿ ಇಳೀತಾರೆ. "ವ್ಯಾಗನ್ ಆರ್ ನೋಡೋಕೆ ಡಬ್ಬ" ಅಂತ ಬರೀತೀರಲ್ಲ, ಹೌದು, ಡಬ್ಬವೇ. ಒಳಗೆ ಕೂತೋರಿಗೆ ಹೊರಗಿನ ಅಂದ ಕಾಣುತ್ತಾ? ಅಗಲ 1,620 ಅಷ್ಟೇ, ಹಿಂದೆ ಮೂರು ಜನ ಕೂತ್ರೆ ಭುಜ ಒತ್ತುತ್ತೆ. ಅದನ್ನ ಒಪ್ತೀನಿ. ಮುಂದಕ್ಕೆ ಹೋಗೋಣ.

ಶೋರೂಮಿಗೆ ಹೋದಾಗ ಮೊದಲು ಮುಂದಿನ ಸೀಟು ನೋಡಿ. ಅದನ್ನ ಮುಂದಕ್ಕೆ ತಳ್ಳಿ ಇಟ್ಟಿರ್ತಾರೆ, ಹಿಂದೆ ಜಾಗ ಕಾಣಲಿ ಅಂತ. ಕ್ಲಚ್ ಪೂರ್ತಿ ಒತ್ತಿ, ನೀವು ಓಡಿಸೋ ಹಾಗೆ ಹೊಂದಿಸ್ಕೊಳ್ಳಿ. ಸೀಟಿನ ಎತ್ತರ ಹೊಂದಿಸೋ ಲಿವರ್ ಇದ್ರೆ ಎತ್ತಿ ನೋಡಿ: ಕೆಲವು ಕಾರಲ್ಲಿ ಕುಶನ್ನಿನ ಹಿಂಭಾಗ ಮಾತ್ರ ಮೇಲೇಳುತ್ತೆ, ಮುಂದಿನ ಅಂಚು ಅಲ್ಲೇ ಇರುತ್ತೆ, ತೊಡೆಗೆ ಲಾಭ ಇಲ್ಲ. ಆಮೇಲೆ ಅದರ ಹಿಂದೆಯೇ ಹೋಗಿ ಕೂರಿ. ಬೆನ್ನು ಪೂರ್ತಿ ಒರಗಿಸಿ, ಪಾದ ನೆಲಕ್ಕೆ ಊರಿ, ತೊಡೆ ಕೆಳಗೆ ಅಂಗೈ ತೂರಿಸಿ. ಕೈ ಸಲೀಸಾಗಿ ಒಳಗೆ ಹೋಯ್ತಾ? ಆ ಸೀಟು ಫೇಲು. ಕುಶನ್ನಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ಎರಡು ಮೂರು ಬೆರಳು ಹಿಡಿಸಬೇಕು. ಒಂದು ಬೆರಳೂ ಹೋಗದಿದ್ರೆ ಗಿಡ್ಡಗಿರೋರಿಗೆ ಮಂಡಿ ಹಿಂದೆ ಒತ್ತಿ ಕಾಲು ಜೋಮು ಹಿಡಿಯುತ್ತೆ. ಮುಂದಿನ ಸೀಟಿನ ಕೆಳಗೆ ಪಾದ ತೂರುತ್ತಾ ಅಂತಾನೂ ನೋಡಿ, ಸೀಟು ಪೂರ್ತಿ ಇಳಿಸಿದಾಗ. ಇಷ್ಟಾದ ಮೇಲೆ ಇಪ್ಪತ್ತು ನಿಮಿಷ ಅಲ್ಲೇ ಕೂತಿರಿ. ಸೇಲ್ಸ್ ಹುಡುಗ ಗಡಿಯಾರ ನೋಡ್ಲಿ ಬಿಡಿ, ಕಾಫಿ ಕೇಳಿ.

ಏಳು ಸೀಟು ಬೇಕು ಅನ್ನೋರೇ, ಇಲ್ಲಿ ಬನ್ನಿ. ಟ್ರೈಬರ್ 4 ಮೀಟರ್ ಒಳಗೇ ಏಳು ಸೀಟು ಕೊಡುತ್ತೆ, ಎರ್ಟಿಗಾ ಸುಮಾರು 4.4 ಮೀಟರಲ್ಲಿ, ಇನ್ನೋವಾ ಕ್ರಿಸ್ಟಾ ಸುಮಾರು 4.7 ಮೀಟರಲ್ಲಿ. ಮೂರನೇ ಸಾಲು ಹಿಂದಿನ ಆಕ್ಸಲ್ ಮೇಲೇ ಬರೋದ್ರಿಂದ ಅಲ್ಲಿ ನೆಲ ಎತ್ತರ. ನೆಲ ಎತ್ತರ ಆದ್ರೆ? ಮೊಣಕಾಲು ಎದೆಗೆ, ತೊಡೆ ಮತ್ತೆ ಗಾಳೀಲಿ! ಹೊಂಡಕ್ಕೆ ಬಿದ್ದಾಗ ಎತ್ತಿ ಹಾಕೋದೂ ಅಲ್ಲೇ ಜಾಸ್ತಿ. ಕಿಟಕಿ ಸಣ್ಣದು, ಹೊರಗೆ ಕಾಣಲ್ಲ. ಹೊರಗೆ ಕಾಣದಿದ್ರೆ ಆಗುಂಬೆಯ 14 ಹೇರ್‌ಪಿನ್ ತಿರುವಲ್ಲಿ ವಾಂತಿ ಗ್ಯಾರಂಟಿ. ಬೊಲೆರೋದಲ್ಲಿ ಹಿಂದೆ ಅಡ್ಡ ಸೀಟು, ಅದರ ಬಗ್ಗೆ ನಾನು ಮಾತಾಡಲ್ಲ. ಆದ್ರೆ ಬೊಲೆರೋದ ಎರಡನೇ ಸಾಲು ನೆಟ್ಟಗೆ ಎತ್ತರಕ್ಕಿದೆ, ಅಡಿಕೆ ತೋಟದ ರಸ್ತೇಲಿ ಮುಂದೆ ಎಂತ ಇದೆ ಅಂತ ಕಾಣುತ್ತೆ. ಅದರ ತಪ್ಪು ಬೇರೆ: ಸೀಟು ಚಪ್ಪಟೆ, ಪಕ್ಕದ ಉಬ್ಬು ಇಲ್ಲ. ತಿರುವಲ್ಲಿ ಆ ಕಡೆಯೋರು ಈ ಕಡೆಯೋರ ಮಡಿಲಿಗೆ. ಅದ್ರ ಮೇಲೆ ನುಣ್ಣಗಿನ ರೆಕ್ಸಿನ್ ಕವರ್ ಹಾಕ್ಸಿದ್ರಂತೂ ದೇವ್ರೇ ಗತಿ.

"ಇವಿ, ಅಂದ್ರೆ ಎಲೆಕ್ಟ್ರಿಕ್ ಕಾರು, ತಗೊಂಡ್ರೆ ಎಲ್ಲಾ ಸರಿಹೋಗುತ್ತೆ" ಅಂತ ಒಬ್ರು. ಎಲ್ಲಿ ಸರಿಹೋಗುತ್ತೆ? ಬ್ಯಾಟರಿ ಇರೋದು ಕಾರಿನ ನೆಲದ ಕೆಳಗೆ. ಪೆಟ್ರೋಲ್ ಕಾರನ್ನೇ ಇವಿ ಮಾಡಿದ ಮಾಡೆಲ್ಲಲ್ಲಿ ನೆಲ ಮೇಲೆ ಬರಬಹುದು, ಸೀಟು ಅಲ್ಲೇ ಇರುತ್ತೆ. ಮತ್ತೆ ಅದೇ ಕತೆ. ತೊಡೆ!

ಹಾಂ, ಸಬ್‌ಸ್ಕ್ರೈಬ್ ಮಾಡಿಲ್ಲ ಅಂದ್ರೆ ಮಾಡಿ. ಬೆಲ್ಲೂ ಒತ್ತಿ.

ಆಗ್ಲೇ ಕಾರು ತಗೊಂಡು ಆಗಿದೆ ಅನ್ನೋರಿಗೆ: ಸೀಟ್ ಕವರ್ ಅಂಗಡೀಲಿ ಕುಶನ್ನಿನ ಮುಂದಿನ ಅಂಚಿಗೆ ಒಂದರಿಂದ ಒಂದೂವರೆ ಇಂಚು ಹೈ ಡೆನ್ಸಿಟಿ ಫೋಮನ್ನ ಇಳಿಜಾರಾಗಿ ಕೂಡಿಸಿಕೊಡ್ತಾರೆ. ಮುಂದೆ ದಪ್ಪ, ಹಿಂದೆ ಸೊನ್ನೆ. ಇಡೀ ಸೀಟಿಗೆ ಸಮ ದಪ್ಪ ಹಾಕಿಸಿದ್ರೆ ತಲೆ ಚಾವಣಿಗೆ ಹತ್ತಿರ ಆಗುತ್ತೆ, ಕುಶನ್ನಿನ ಇಳಿಜಾರು ಹಾಗೇ ಉಳಿಯುತ್ತೆ. ಮೆತ್ತನೆ ಸ್ಪಂಜು ಹಾಕ್ತೀನಿ ಅಂದ್ರೆ ಬೇಡ ಅನ್ನಿ, ಬೇಗ ಕುಸಿಯುತ್ತೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ರೆ ಅಲ್ಲಿ ಗಟ್ಟಿ ಹೊಲಿಗೆಯ ಕವರ್ ಹಾಕಿಸ್ಲೇಬೇಡಿ, ಬ್ಯಾಗು ಹೊರಗೆ ಬರೋಕೆ ಅಡ್ಡಿ. ನಮ್ಮ ಮಳೆಗೆ ಬಟ್ಟೆ ಕವರ್ ಒದ್ದೆಯಾದ್ರೆ ಬೂಸ್ಟು ಹಿಡಿಯುತ್ತೆ, ಒದ್ದೆ ಕೊಡೆ ಸೀಟ್ ಮೇಲೆ ಇಡಬೇಡಿ.

ಸನ್‌ರೂಫ್ ಬಗ್ಗೆ ಕೇಳಿದೋರಿಗೆ: ಮಳೆಗಾಲದಲ್ಲಿ ತೆರೆಯೋ ಹಾಗಿಲ್ಲ, ನೀರು ಹೋಗೋ ಸಣ್ಣ ಕೊಳವೆಗೆ ಎಲೆ ಕಟ್ಟಿದ್ರೆ ಒಳಗೇ ಸೋರುತ್ತೆ, ಫ್ರೇಮಿಂದ ತಲೆ ಜಾಗಾನೂ ಕಮ್ಮಿ. ತೊಡೆಗೆ ಏನಾದ್ರೂ ಕೊಡುತ್ತಾ? ಇಲ್ಲ. ಮತ್ತೆ ಬೇಡ! "ಮಕ್ಕಳು ಕೇಳ್ತಾರೆ" ಅಂತೆ. ಮಕ್ಕಳು ಐಸ್‌ಕ್ರೀಮೂ ಕೇಳ್ತಾರೆ.

ಸರಿ, ನಿಮ್ಮ ಕಾರಿನ ಹೆಸರು, ಹಿಂದಿನ ಸೀಟು ಕಾರಿನೊಳಗಿನ ನೆಲದಿಂದ ಎಷ್ಟು ಇಂಚು ಎತ್ತರ, ಎರಡೂ ಕಮೆಂಟಲ್ಲಿ ಹಾಕಿ. ಟೇಪ್ ಹಿಡಿದು ಅಳೆದು ಹಾಕಿ, ಅಂದಾಜಲ್ಲಿ ಬೇಡ. ಲೆಗ್‌ರೂಮ್ ಅಂತ ಬರೆದೋರನ್ನ ಈ ಸಲ ಪಿನ್ ಮಾಡಿ ಮರ್ಯಾದೆ ತೆಗೀತೀನಿ, ನೋಡಿ.